ಹಾಡು ಚೆನ್ನಾಗಿದ್ದರೆ ಸಾಕೇ? ಜನಪ್ರಿಯ ಸಂಗೀತ: ಓದುಗರ ಪ್ರಶ್ನೆ, ಸಂಶೋಧಕರ ಉತ್ತರ

ಪ್ರಶ್ನೆ: ನನಗೆ 27 ವರ್ಷ, ಊರು ದಾವಣಗೆರೆ. ಕೆಲಸ ಮಾಡಿಕೊಂಡೇ ಸ್ವಂತ ಹಾಡು ಬರೆದು ಹಾಡುತ್ತೇನೆ. ಎರಡು ವರ್ಷದಲ್ಲಿ ಏಳು ಹಾಡು ಯೂಟ್ಯೂಬಿಗೆ ಹಾಕಿದ್ದೇನೆ, ಒಂದೂ ಎರಡು ಸಾವಿರ ವ್ಯೂಸ್ ದಾಟಿಲ್ಲ. ಪ್ರಮೋಷನ್ ಮಾಡಿಕೊಡುವವರೊಬ್ಬರು ‘ಮೂವತ್ತು ಸಾವಿರ ಕೊಡಿ, ಒಂದು ಲಕ್ಷ ವ್ಯೂಸ್ ಗ್ಯಾರಂಟಿ. ನಂಬರ್ ನೋಡಿದ್ರೆ ಜನ ತಾವಾಗೇ ಬರ್ತಾರೆ’ ಎನ್ನುತ್ತಿದ್ದಾರೆ. ಮನೆಯಲ್ಲಿ ಅಪ್ಪ ‘ಹಾಡು ಚೆನ್ನಾಗಿದ್ರೆ ತಾನಾಗೇ ಓಡುತ್ತೆ, ದುಡ್ಡು ಯಾಕೆ ಸುರೀತೀಯ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಅದು ಎಲ್ಲಿಯವರೆಗೆ ನಿಜ ಎಂಬುದನ್ನು ಪ್ರಯೋಗ ಮಾಡಿಯೇ ನೋಡಿದವರಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಸೇರಿ ನಡೆಸಿದ ಈ ಅಧ್ಯಯನ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ನನ್ನ ವಿದ್ಯಾರ್ಥಿಗಳಿಗೆ ಮೊದಲ ತರಗತಿಯಲ್ಲೇ ಇದನ್ನು ಹೇಳುತ್ತೇನೆ. ನಿಮಗೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯಾರೂ ಹೆಸರು ಕೇಳಿರದ ಬ್ಯಾಂಡುಗಳ 48 ಹಾಡುಗಳನ್ನು ಆರಿಸಿ ಅವರು ಒಂದು ವೆಬ್‌ಸೈಟಿನಲ್ಲಿಟ್ಟರು. ಬಂದವರು ಹಾಡು ಕೇಳಿ ಐದರವರೆಗೆ ನಕ್ಷತ್ರ ಕೊಡಬೇಕು, ಇಷ್ಟವಾದರೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಒಟ್ಟು 14,341 ಜನ ಭಾಗವಹಿಸಿದರು. ಒಂದು ಗುಂಪಿನವರಿಗೆ ಹಾಡಿನ ಹೆಸರು, ಬ್ಯಾಂಡಿನ ಹೆಸರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಲೋಕಗಳಾಗಿ ಹಂಚಿದ್ದರು. ಅಲ್ಲಿ ಪ್ರತಿ ಹಾಡಿನ ಪಕ್ಕದಲ್ಲೂ ಆ ಲೋಕದಲ್ಲಿ ಅದುವರೆಗೆ ಎಷ್ಟು ಡೌನ್‌ಲೋಡ್ ಆಗಿದೆ ಎಂಬ ಲೆಕ್ಕ ಇರುತ್ತಿತ್ತು. ಎಂಟೂ ಲೋಕಗಳು ಸೊನ್ನೆಯಿಂದಲೇ ಶುರುವಾದವು, ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ.

ಇತರರ ಆಯ್ಕೆ ಕಾಣದ ಗುಂಪಿನಲ್ಲಿ 26ನೇ ಸ್ಥಾನ ಪಡೆದ ಒಂದು ಹಾಡಿತ್ತು. ನಡುಮಟ್ಟದ ಹಾಡು ಅನ್ನೋಣ. ಎಂಟರಲ್ಲಿ ಒಂದು ಲೋಕದಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಮತ್ತೊಂದರಲ್ಲಿ 40ಕ್ಕೆ ಕುಸಿಯಿತು. ಅದೇ ದನಿ, ಅದೇ ರೆಕಾರ್ಡಿಂಗ್. ಮೊದಮೊದಲು ಬಂದ ನಾಲ್ಕಾರು ಜನ ಏನನ್ನು ಆರಿಸಿಕೊಂಡರು ಎಂಬಲ್ಲಿ ಹುಟ್ಟಿದ ಸಣ್ಣ ವ್ಯತ್ಯಾಸವೇ ಬೆಳೆಯುತ್ತಾ ಹೋಗಿ ಹೀಗಾಯಿತು. ಹಾಗೆಂದು ಎಲ್ಲವೂ ಅದೃಷ್ಟದ ಆಟವೂ ಅಲ್ಲ. ತುಂಬಾ ಚೆನ್ನಾಗಿದ್ದ ಹಾಡುಗಳು ನೆಲಕಚ್ಚಿದ್ದು ಅಪರೂಪ, ತೀರಾ ಸಪ್ಪೆಯಾದವು ಗೆದ್ದದ್ದೂ ಅಪರೂಪ. ಆದರೆ ಗುಣದಲ್ಲಿ ಮೊದಲ ಐದರಲ್ಲಿದ್ದ ಹಾಡಿಗೂ ಯಶಸ್ಸಿನ ಮೊದಲ ಐದರಲ್ಲಿ ಜಾಗ ಸಿಗುವ ಸಾಧ್ಯತೆ ಸುಮಾರು ಅರ್ಧದಷ್ಟೇ ಇತ್ತು. ನಿಮ್ಮ ತಂದೆಯವರ ಮಾತು ನಿಲ್ಲುವುದು ಇಲ್ಲಿಯವರೆಗೆ.

ಇನ್ನು ಪ್ರಮೋಷನ್‌ನವರ ಮಾತು. ಸಾಲ್ಗನಿಕ್ ಮತ್ತು ವಾಟ್ಸ್ ಮುಂದೆ 2008ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಈ ಸಲ ಪಟ್ಟಿಯನ್ನೇ ತಲೆಕೆಳಗು ಮಾಡಿದ್ದರು. ಕೊನೆಯಲ್ಲಿದ್ದ ಹಾಡು ಮೊದಲನೆಯದು ಎಂದು ಕಾಣುವ ಹಾಗೆ ಸುಳ್ಳು ಲೆಕ್ಕ ತೋರಿಸಿದರು. ಸುಳ್ಳು ಕೆಲಸ ಮಾಡಿತು. ಮೇಲೆ ಕೂರಿಸಿದ ಕೆಲವು ಹಾಡುಗಳು ನಿಜವಾಗಿಯೂ ಓಡಿದವು. ಆದರೆ ದಿನ ಕಳೆದಂತೆ ತುಂಬಾ ಚೆನ್ನಾಗಿದ್ದ ಹಾಡುಗಳು ಮತ್ತೆ ಮೇಲೆ ಬಂದವು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ವಿಷಯ ಇನ್ನೊಂದಿದೆ. ಪಟ್ಟಿ ತಿರುಗಿಸಿದ ಲೋಕಗಳಲ್ಲಿ ಒಟ್ಟು ಡೌನ್‌ಲೋಡುಗಳೇ ಕಡಿಮೆಯಾದವು. ಮೇಲಿದ್ದ ಹಾಡು ಕೇಳಿ ನಿರಾಸೆಗೊಂಡವರು ಕೆಳಗಿನವನ್ನು ಹುಡುಕುವ ಗೋಜಿಗೇ ಹೋಗಲಿಲ್ಲ.

ಅಲ್ಲಿ ಸುಳ್ಳು ಲೆಕ್ಕ ನೋಡಿದವರಾದರೂ ಮನುಷ್ಯರು. ದುಡ್ಡಿಗೆ ಬರುವ ಲಕ್ಷ ವ್ಯೂಸಿನ ಹಿಂದೆ ಎಷ್ಟೋ ಸಲ ಕೇಳುವ ಕಿವಿಯೇ ಇರುವುದಿಲ್ಲ. ಯೂಟ್ಯೂಬ್ 2012ರಿಂದ ಶಿಫಾರಸು ಮಾಡುವಾಗ ಬರೀ ಕ್ಲಿಕ್ಕಿಗಿಂತ ಜನ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತಿದೆ. ಲಕ್ಷ ಜನ ಬಂದು ನಾಲ್ಕೇ ಸೆಕೆಂಡಿಗೆ ಎದ್ದು ಹೋದರು ಎಂಬ ದಾಖಲೆ ನಿಮ್ಮ ಹಾಡಿಗೆ ಒಳ್ಳೆಯದು ಮಾಡುವುದಿಲ್ಲ. ಕೊಂಡ ವ್ಯೂಸ್ ಅಲ್ಲಿನ ನಿಯಮಕ್ಕೆ ವಿರುದ್ಧ, ಪತ್ತೆಯಾದರೆ ಅಳಿಸಿಹಾಕುತ್ತಾರೆ. ಸ್ಪಾಟಿಫೈಯಂತೂ ನಕಲಿ ಸ್ಟ್ರೀಮಿಂಗ್ ಹೆಚ್ಚಾಗಿರುವ ಹಾಡುಗಳಿಗೆ 2024ರಿಂದ ಲೇಬಲ್, ವಿತರಕರ ಮೇಲೆ ದಂಡ ಹಾಕುತ್ತಿದೆ. ಆ ಮೂವತ್ತು ಸಾವಿರವನ್ನು ದಯವಿಟ್ಟು ಕೊಡಬೇಡಿ.

ಹಾಗಾದರೆ ಏನು ಮಾಡಬೇಕು? ದೊಡ್ಡ ಕಂಪನಿಗಳು ಈ ಅನಿಶ್ಚಿತತೆಯನ್ನು ಹೇಗೆ ತಡೆದುಕೊಳ್ಳುತ್ತವೆ ಎಂಬುದರಲ್ಲಿ ನಿಮಗೊಂದು ದಾರಿಯಿದೆ. ಸಮಾಜಶಾಸ್ತ್ರಜ್ಞ ಪಾಲ್ ಹಿರ್ಶ್ 1972ರಲ್ಲೇ ಇದನ್ನು ಬರೆದಿದ್ದರು. ಯಾವುದು ಓಡುತ್ತದೆಂದು ಗೊತ್ತಿಲ್ಲದ ರೆಕಾರ್ಡ್ ಕಂಪನಿಗಳು ಬೇಕಾದ್ದಕ್ಕಿಂತ ಹೆಚ್ಚು ಹಾಡು ಬಿಡುಗಡೆ ಮಾಡುತ್ತವೆ, ಅದರಲ್ಲಿ ಕೆಲವಕ್ಕೆ ಮಾತ್ರ ಪ್ರಚಾರಕ್ಕೆ ಹಣ ಹಾಕುತ್ತವೆ, ಒಂದೆರಡು ಗೆದ್ದು ಉಳಿದವುಗಳ ನಷ್ಟ ತುಂಬಿಕೊಡುತ್ತವೆ. ಕಂಪನಿಗೆ ನೂರು ಹಾಡಿರುತ್ತದೆ, ಒಬ್ಬ ಗಾಯಕನಿಗೆ ಇರುವುದು ಏಳು. ಆದ್ದರಿಂದ ಒಂದೇ ಹಾಡಿನ ವಿಡಿಯೊಗೆ ಸಾಲ ಮಾಡಿ ಸುರಿಯಬೇಡಿ. ಪ್ರತಿ ಹಾಡಿನ ಖರ್ಚು ಇಳಿಸಿ, ಹಾಡುಗಳ ಸಂಖ್ಯೆ ಹೆಚ್ಚಿಸಿ. ಮೊದಲು ಕೇಳುವ ನಾಲ್ಕಾರು ಜನ ಯಾರು ಎಂಬುದನ್ನು ವಿಧಿಗೂ ಬಿಡಬೇಡಿ, ಏಜೆಂಟರಿಗೂ ಬಿಡಬೇಡಿ. ಕಾಲೇಜಿನ ವಾರ್ಷಿಕೋತ್ಸವ, ಗಣೇಶೋತ್ಸವದ ವೇದಿಕೆ, ನಿಮ್ಮೂರಿನ ಆರ್ಕೆಸ್ಟ್ರಾ: ಎದುರಿಗೆ ಕೂತು ಕೇಳಿದವರು ಮನೆಗೆ ಹೋಗಿ ಹುಡುಕಿ ಮತ್ತೆ ಕೇಳಿದರೆ ಅದು ನಿಜವಾದ ಆರಂಭ.

ಇನ್ನೊಂದು ಮಾತು. ಎರಡು ಸಾವಿರ ದಾಟಲಿಲ್ಲ ಎಂಬುದು ನಿಮ್ಮ ಹಾಡಿನ ಬಗ್ಗೆ ಕೊಟ್ಟ ತೀರ್ಪಲ್ಲ. 26ನೇ ಸ್ಥಾನದ ಆ ಹಾಡನ್ನು 40ಕ್ಕೆ ತಳ್ಳಿದ ಲೋಕದವರೂ ಅದರ ಬಗ್ಗೆ ತೀರ್ಪು ಕೊಡಲು ಕೂತಿರಲಿಲ್ಲ. ಬರೆಯುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕ. ಹೊಸ ಹಾಡೊಂದರ ಆರಂಭದಲ್ಲಿ 35 ಸೆಕೆಂಡ್ ಕೊಳಲು, ವೀಣೆ ಇಟ್ಟಿದ್ದೇನೆ. ಆಡಿಯೊ ಕಂಪನಿಯವರು ‘ಅದನ್ನು ಕತ್ತರಿಸಿ, ಪಲ್ಲವಿಯಿಂದಲೇ ಶುರು ಮಾಡಿ, ಇಲ್ಲದಿದ್ದರೆ ಜನ ಸ್ಕಿಪ್ ಮಾಡುತ್ತಾರೆ, ಸಂಶೋಧನೆ ಇದೆ’ ಎನ್ನುತ್ತಾರೆ. ಇದೆಯೇ?

ಉತ್ತರ: ಇದೆ. ಆದರೆ ಅವರು ಹೇಳುವಷ್ಟನ್ನು ಅದು ಹೇಳುವುದಿಲ್ಲ. ಯುಬೆರ್ ಲೆವೆಯೆ ಗೋವ್ಯಾಂ ಎಂಬ ಸಂಗೀತ ಸಂಶೋಧಕರು 1986ರಿಂದ 2015ರವರೆಗೆ ಅಮೆರಿಕದ ಮೊದಲ ಹತ್ತರ ಪಟ್ಟಿಯಲ್ಲಿದ್ದ 303 ಹಾಡುಗಳನ್ನು ಅಳೆದು ನೋಡಿದರು. 80ರ ದಶಕದ ನಡುವಿನಲ್ಲಿ ಸರಾಸರಿ 20 ಸೆಕೆಂಡಿಗಿಂತ ಹೆಚ್ಚಿದ್ದ ಆರಂಭದ ವಾದ್ಯಭಾಗ 2015ರ ಹೊತ್ತಿಗೆ ಸುಮಾರು 5 ಸೆಕೆಂಡಿಗೆ ಇಳಿದಿತ್ತು. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರಷ್ಟೇ ಒಂದು ಸ್ಟ್ರೀಮ್ ಎಂದು ಲೆಕ್ಕ. ಹಾಗಾಗಿ ಕಂಪನಿಯವರ ಆತಂಕ ನನಗೂ ಅರ್ಥವಾಗುತ್ತದೆ.

ಆದರೆ ಗಮನಿಸಿ, ಆ 303 ಹಾಡುಗಳೂ ಗೆದ್ದ ಹಾಡುಗಳೇ. ಸೋತವುಗಳ ಆರಂಭವೂ ಅಷ್ಟೇ ಚಿಕ್ಕದಾಗಿದ್ದಿರಬಹುದು. ಗೆದ್ದವರನ್ನು ಮಾತ್ರ ಅಳೆದರೆ ಗೆಲುವಿಗೆ ಕಾರಣ ಸಿಗುವುದಿಲ್ಲ. ಕಾಲ ಬದಲಾದಂತೆ ಹಾಡಿನ ಆಕಾರ ಬದಲಾಯಿತು ಎಂದಷ್ಟೇ ಆ ಅಧ್ಯಯನದಿಂದ ಹೇಳಬಹುದು.

ಇಂಥ ಬದಲಾವಣೆ ನಮಗೂ ಹೊಸದಲ್ಲ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಧ್ವನಿಮುದ್ರಿಸಿಕೊಂಡಾಗ, ಗಂಟೆಗಟ್ಟಲೆ ಹಾಡುವ ರಾಗವನ್ನು ಆಕೆ ಮೂರು ನಿಮಿಷದ ತಟ್ಟೆಯೊಳಗೆ ಕೂರಿಸಬೇಕಾಯಿತು. ಅದಕ್ಕೆ ತಕ್ಕ ಕ್ರಮವನ್ನು ಆಕೆಯೇ ಕಂಡುಕೊಂಡರು. ಯಂತ್ರದ ಮಿತಿಯನ್ನು ಕಲೆಯಾಗಿ ತಿರುಗಿಸಿದ ಆ ಮಹಾ ಗಾಯಕಿ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಹೆಸರು ಬಂದಾಗಲೆಲ್ಲ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ನೀವೂ ಎರಡು ರೂಪ ಮಾಡಬಹುದು: ರೀಲ್ಸಿಗೆ, ಸ್ಟ್ರೀಮಿಂಗಿಗೆ ಚಿಕ್ಕದು, ಆಲ್ಬಮ್ಮಿಗೆ ಕೊಳಲು, ವೀಣೆ ಇರುವ ಪೂರ್ತಿ ಹಾಡು. ಆ 35 ಸೆಕೆಂಡ್ ಹಾಡಿಗೆ ನಿಜವಾಗಿ ಬೇಕು ಎಂದು ನಿಮಗನಿಸಿದರೆ ಅದನ್ನು ಬಿಟ್ಟುಕೊಡಬೇಡಿ.

ಪ್ರಶ್ನೆ: ಧಾರವಾಡದಲ್ಲಿ ಎಂ.ಎ. ಮುಗಿಸಿದ್ದೇನೆ. ನಮ್ಮ ಭಾಗದ ಕ್ಯಾಸೆಟ್ ಹಾಡುಗಳ ಮೇಲೆ ಪಿಎಚ್.ಡಿ. ಮಾಡುವ ಆಸೆ. ಮಾತಾಡಿಸಿದ ಹಿರಿಯ ಪ್ರಾಧ್ಯಾಪಕರೊಬ್ಬರು ‘ಇದು ಸಂಶೋಧನೆಯ ವಸ್ತುವೇ ಅಲ್ಲ ತಂಗಿ’ ಎಂದರು. ಬೇಸರವಾಗಿದೆ.

ಉತ್ತರ: ಬೇಸರ ಬೇಡಮ್ಮ. ಕೇಂಬ್ರಿಜ್ ವಿಶ್ವವಿದ್ಯಾಲಯ ಪ್ರೆಸ್ ಜನಪ್ರಿಯ ಸಂಗೀತಕ್ಕೆಂದೇ ವಿದ್ವತ್ ಪತ್ರಿಕೆ ಶುರು ಮಾಡಿದ್ದು 1981ರಲ್ಲಿ. ಅದೇ ವರ್ಷ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. 1988ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಸಂಸ್ಥೆ ಬಂತು. ನಿಮ್ಮ ವಸ್ತುವಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಪೀಟರ್ ಮ್ಯಾನುಯೆಲ್ 1993ರಲ್ಲಿ ಪ್ರಕಟಿಸಿದ ಉತ್ತರ ಭಾರತದ ಕ್ಯಾಸೆಟ್ ಸಂಸ್ಕೃತಿಯ ಅಧ್ಯಯನ. ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಒಂದೇ ದೊಡ್ಡ ಕಂಪನಿಯ ಹಿಡಿತದಲ್ಲಿದ್ದ ಮಾರುಕಟ್ಟೆಗೆ ಕ್ಯಾಸೆಟ್ ಬಂದ ಮೇಲೆ ಸಣ್ಣ ಸಣ್ಣ ಊರಿನ ತಯಾರಕರು ಹೇಗೆ ಬಂದರು, ಸ್ಥಳೀಯ ಭಾಷೆಯ ಹಾಡುಗಳಿಗೆ ಹೇಗೆ ಜಾಗ ಸಿಕ್ಕಿತು ಎಂಬುದನ್ನು ಅವರು ತೋರಿಸಿಕೊಟ್ಟರು.

ವಿಧಾನ ಕಲಿಯಲು ರಿಚರ್ಡ್ ಪೀಟರ್ಸನ್ 1990ರಲ್ಲಿ ಬರೆದ ಒಂದು ಪ್ರಬಂಧ ಓದಿ. ರಾಕ್ ಸಂಗೀತ 1955ರಲ್ಲೇ ಏಕೆ ಸ್ಫೋಟಿಸಿತು ಎಂಬುದು ಅವರ ಪ್ರಶ್ನೆ. ಯುದ್ಧದ ನಂತರ ಹುಟ್ಟಿದ ದೊಡ್ಡ ಪೀಳಿಗೆಯೇ ಕಾರಣ ಎಂದು ಎಲ್ಲರೂ ಹೇಳುತ್ತಿದ್ದರು. ಆ ಪೀಳಿಗೆಯ ಹಿರಿಯ ಮಗು ಹುಟ್ಟಿದ್ದು 1946ರಲ್ಲಿ, 1955ಕ್ಕೆ ಅದಕ್ಕಿನ್ನೂ 9 ವರ್ಷ ಎಂದು ಪೀಟರ್ಸನ್ ಲೆಕ್ಕ ಹಾಕಿ ತೋರಿಸಿದರು. ಆಮೇಲೆ ಅವರು ಕಣ್ಣು ಹಾಯಿಸಿದ್ದು ಯಾರೂ ಅಷ್ಟಾಗಿ ನೋಡದ ಕಡೆಗೆ: ಹಕ್ಕುಸ್ವಾಮ್ಯದ ನಿಯಮ, ರೇಡಿಯೊ ಕೇಂದ್ರಗಳಿಗೆ ಕೊಟ್ಟ ಪರವಾನಗಿ, ಟಿ.ವಿ.ಯ ಬರವು, ಹಳೆಯ ಅರಗಿನ ತಟ್ಟೆಯ ಹಾಗೆ ಬಿದ್ದರೆ ಒಡೆಯದ, ನಿಮಿಷಕ್ಕೆ 45 ಸುತ್ತು ತಿರುಗುವ ವಿನೈಲ್ ತಟ್ಟೆ. ಹಗುರವಾದ ಆ ತಟ್ಟೆಯನ್ನು ಅಂಚೆಯಲ್ಲೂ ಕಳಿಸಬಹುದಾದ್ದರಿಂದ ಸಣ್ಣ ಕಂಪನಿಗಳೂ ದೂರದ ರೇಡಿಯೊ ಕೇಂದ್ರಗಳನ್ನು ಮುಟ್ಟಿದವು.

ನೀವೂ ಹಾಗೇ ಕೈಗೆ ಸಿಗುವ ವಸ್ತುವಿನಿಂದ ಶುರು ಮಾಡಿ. ಒಂದು ಹಳೆಯ ಜಾನಪದ ಕ್ಯಾಸೆಟ್ಟಿನ ಒಳಗಿನ ಚೀಟಿ ಬಿಡಿಸಿ ನೋಡಿ. ಯಾರ ಫೋಟೊ ದೊಡ್ಡದು? ಹಾಡು ಕಟ್ಟಿದವರ ಹೆಸರಿದೆಯೇ, ಬರೀ ‘ಸಾಂಪ್ರದಾಯಿಕ’ ಎಂದಿದೆಯೇ? ಬೆಲೆ ಎಷ್ಟು, ಕಂಪನಿಯ ವಿಳಾಸ ಯಾವ ಬೀದಿಯದು? ‘ಎ’ ಬದಿಯ ಮೊದಲ ಹಾಡು ಯಾವುದು, ಅದನ್ನೇ ಮೊದಲಿಟ್ಟವರು ಯಾರು? ಇಂಥ ನೂರು ಚೀಟಿ ಪಕ್ಕಪಕ್ಕದಲ್ಲಿಟ್ಟರೆ ನಿಮ್ಮ ಮೊದಲ ಅಧ್ಯಾಯ ಕಾಣಿಸತೊಡಗುತ್ತದೆ. ಆ ಅಂಗಡಿ ನಡೆಸಿದವರು, ಹಾಡಿದ ಅಜ್ಜಿಯರು, ಡೋಲು ಬಾರಿಸಿದವರು ಇನ್ನೂ ಮಾತಿಗೆ ಸಿಗುತ್ತಾರೆ. ಅವರಿಗೆಲ್ಲ ವಯಸ್ಸಾಗುತ್ತಿದೆ. ಮಾರ್ಗದರ್ಶಕರು ಸಿಗುವವರೆಗೆ ಕಾಯಬೇಡಿ, ರೆಕಾರ್ಡರ್ ಹಿಡಿದು ಈ ವಾರವೇ ಹೊರಡಿ. ಚೀಟಿಗಳ ಫೋಟೊ, ಸಂದರ್ಶನ ಮುಂದಿಟ್ಟುಕೊಂಡು ಆ ಪ್ರಾಧ್ಯಾಪಕರನ್ನೇ ಮತ್ತೊಮ್ಮೆ ಕಂಡು ಮಾತಾಡಿ.

ಪ್ರಶ್ನೆ: ಶಿರಸಿ ಕಡೆಯವನು, ಹಾಡು ಬರೆಯುತ್ತೇನೆ. ಆಲ್ಬಮ್ ಹಾಡೊಂದಕ್ಕೆ ಐದು ಸಾವಿರ ಕೊಟ್ಟು ‘ಎಲ್ಲ ಹಕ್ಕೂ ನಮ್ಮದು, ಇನ್ನು ಯಾವ ಹಣವನ್ನೂ ಕೇಳುವಂತಿಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಿದ್ದಾರೆ. ಹಾಕಬಹುದೇ?

ಉತ್ತರ: ಹಾಗೇ ಹಾಕಬೇಡಿ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಿನಿಮಾ ಹಾಡಾಗಲಿ ಆಲ್ಬಮ್ ಹಾಡಾಗಲಿ, ಹಕ್ಕು ಪಡೆದವರ ಜೊತೆ ಸಮಪಾಲಾಗಿ ರಾಯಧನ ಪಡೆಯುವ ಸಾಹಿತಿಯ, ಸಂಗೀತ ಸಂಯೋಜಕರ ಹಕ್ಕನ್ನು ಕಂಪನಿಗೆ ಬರೆದುಕೊಡಲೂ ಆಗದು, ಬಿಟ್ಟುಕೊಡಲೂ ಆಗದು. ಸಿನಿಮಾ ಹಾಡು ಚಿತ್ರಮಂದಿರದಲ್ಲಿ ಚಿತ್ರದ ಜೊತೆಗೇ ಪ್ರದರ್ಶನವಾಗುವುದಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ. ‘ಯಾವ ಹಣವನ್ನೂ ಕೇಳುವಂತಿಲ್ಲ’ ಎಂಬ ಸಾಲು ಕಾಗದದಲ್ಲಿದ್ದರೂ ಆ ಪಾಲನ್ನು ಅದು ಕಸಿದುಕೊಳ್ಳಲಾರದು. ಆದರೂ ಆ ಸಾಲು ತೆಗೆಸಿ, ಮುಂದೆ ಜಗಳಕ್ಕೆ ಅದೇ ಮೂಲವಾಗುತ್ತದೆ.

ಹಕ್ಕು ಕೊಡುವ ಅವಧಿ ಎಷ್ಟು ವರ್ಷ ಎಂದು ಬರೆಸಿ. ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಭಾವಿಸುತ್ತದೆ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು. ಕಂಪನಿಯವರು ‘ಶಾಶ್ವತ’, ‘ಜಗತ್ತಿನಾದ್ಯಂತ’ ಎಂಬ ಪದ ಸೇರಿಸುವುದು ಇದಕ್ಕೇ. ಆ ಎರಡು ಪದಗಳ ಮೇಲೆ ನಿಮ್ಮ ಮಾತುಕತೆ ನಡೆಯಲಿ. ಸಾಹಿತಿಗಳು, ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆ 1969ರಿಂದ ಇದೆ. ಅದರ ಸದಸ್ಯರಾಗಿ, ಪ್ರತಿ ಹಾಡನ್ನೂ ನೋಂದಾಯಿಸಿ. ಸಹಿ ಹಾಕಿದ ಕರಾರಿನ ಒಂದು ಪ್ರತಿಯನ್ನು ಅಲ್ಲೇ, ಅವತ್ತೇ ಕೇಳಿ ಪಡೆದುಕೊಳ್ಳಿ.