ಅಟ್ಟದಲ್ಲಿ ಸಿಕ್ಕ ಉಪ್ಪಿನಕಾಯಿ ಜಾಡಿಗಳು ಹಳೆಯವೇ? ಎಷ್ಟು ಬೆಲೆ ಬರುತ್ತದೆ?

ಸಿರುಗುಪ್ಪದ ಹಳೇ ಮನೆ ಕೆಡವುವಾಗ ಅಟ್ಟದಲ್ಲಿ ನಾಲ್ಕು ಪಿಂಗಾಣಿ ಜಾಡಿ ಸಿಕ್ಕಿವೆ, ಗುಜರಿಯವರು ನಾಲ್ಕಕ್ಕೂ ಸೇರಿಸಿ ಒಂದು ರೇಟು ಹೇಳಿದ್ದಾರೆ, ಕೊಡಲಾ ಅಂತ ಕೇಳಿದ್ದೀರಿ. ಈಗಲೇ ಕೊಡಬೇಡಿ. ನಾಲ್ಕನ್ನೂ ಬೋರಲು ಹಾಕಿ ತಳ ನೋಡಿ. ಬಳ್ಳಾರಿಯಲ್ಲಿ ಇಂಥ ಜಾಡಿಗಳನ್ನು ಕೂಡಿಡುತ್ತಾ ಬಂದವನಾಗಿ ಹೇಳುತ್ತೇನೆ, ಬೆಲೆಯ ಮಾತು ಶುರುವಾಗುವುದೇ ಅಲ್ಲಿಂದ.

ಮೇಲೆ ಕಂದು, ಕೆಳಗೆ ಕೆನೆಬಣ್ಣ ಇದ್ದರೆ ಸಾಕು, ನೂರು ವರ್ಷದ್ದು ಅಂತ ಮಾರುವವರಿದ್ದಾರೆ. ಆ ಬಗೆಯ ಮೆರುಗು, ಅಂದರೆ ಮೈಮೇಲಿನ ಗಾಜಿನಂಥ ಲೇಪ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1835ರ ಸುಮಾರಿಗೆ ಶುರುವಾದದ್ದು ನಿಜ. ಆದರೆ ಉತ್ತರ ಪ್ರದೇಶದ ಖುರ್ಜಾದಲ್ಲಿ ಉಪ್ಪಿನಕಾಯಿ ಜಾಡಿಗಳನ್ನು ಇವತ್ತಿಗೂ ಮಾಡುತ್ತಾರೆ. ಬಣ್ಣ ನೋಡಿ ವಯಸ್ಸು ಹೇಳಲಾಗದು.

ತಳದಲ್ಲೋ ಪಕ್ಕದಲ್ಲೋ ಒತ್ತಿದ ಮುದ್ರೆ ಇದೆಯಾ ಬೆರಳಾಡಿಸಿ ನೋಡಿ. ಬರೀ ‘ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ ಆಗ ಕಾನೂನು ಜಾರಿಗೆ ತಂದಿತ್ತು. ‘ಮೇಡ್ ಇನ್ ಇಂಗ್ಲೆಂಡ್’ ಇದ್ದರೆ ಬಹುಮಟ್ಟಿಗೆ 20ನೇ ಶತಮಾನದ್ದು. ತಮಿಳುನಾಡಿನ ರಾಣಿಪೇಟೆಯ ಪ್ಯಾರಿ, ಬಂಗಾಳದ ರಾಣಿಗಂಜಿನ ಬರ್ನ್ ಕಂಪನಿಗಳ ಹೆಸರಿದ್ದರೆ ನಮ್ಮ ದೇಶದ್ದೇ, ಅದನ್ನು ಕಡೆಗಣಿಸಬೇಡಿ. 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಇಲ್ಲಿ ಬ್ರಿಟಿಷರ ದಂಡೂ ಇತ್ತು. ಆ ಕಡೆಯ ಸಾಮಾನು ನಮ್ಮ ಅಟ್ಟಗಳಲ್ಲಿ ಸಿಗುವುದು ಸಹಜ.

ಮುದ್ರೆ ಇಲ್ಲವೇ? ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ಅದು ಉಪ್ಪಿನ ಮೆರುಗು. ಭಟ್ಟಿ ಸುಮಾರು 1200 ಡಿಗ್ರಿಗೆ ಕಾದಾಗ ಉಪ್ಪು ಎರಚುತ್ತಿದ್ದರು, ಅದರ ಆವಿ ಜೇಡಿಯಲ್ಲಿರುವ ಸಿಲಿಕಾ ಜೊತೆ ಸೇರಿ ಮೈಮೇಲೆ ಗಾಜಿನ ಪದರವಾಗುತ್ತಿತ್ತು. ನನ್ನ ಕಣ್ಣಿಗೆ ಇದಕ್ಕಿಂತ ಚೆಂದದ ಮೆರುಗಿಲ್ಲ. ಒಳಗೆ ಕೈ ಹಾಕಿದರೆ ಕುಂಬಾರನ ತಿಗರಿಯ ಸುತ್ತುಗೆರೆ ಸಿಕ್ಕೀತು, ಸಿಕ್ಕರೆ ಅದು ತಿಗರಿಯಲ್ಲಿ ಮಾಡಿದ್ದು. ಹೊರಗೆ ಉದ್ದಕ್ಕೆ ಅಚ್ಚಿನ ಬೆಸುಗೆ ಗೆರೆ ಕಂಡರೆ ಅದು ಅಚ್ಚಿನಲ್ಲಿ ಮಾಡಿದ್ದು. ನಿಜವಾದ ಸವೆತ ನೆಲಕ್ಕೆ ತಾಗುವ ಅಂಚಿನಲ್ಲಿರುತ್ತದೆ. ಎಲ್ಲ ಕಡೆ ಒಂದೇ ಸಮ ಕೊಳೆ, ಗೀರು ಇದ್ದರೆ ನಾನು ಅನುಮಾನ ಪಡುತ್ತೇನೆ.

ಬೆಲೆ ಇಳಿಸುವುದು ಬಿರುಕು. ಗೆಣ್ಣಿನಿಂದ ತಟ್ಟಿ: ಗಟ್ಟಿ ಜಾಡಿ ಟಣ್ ಅನ್ನುತ್ತದೆ, ಬಿರುಕಿದ್ದರೆ ದನಿ ಸತ್ತಿರುತ್ತದೆ. ತನ್ನದೇ ಮುಚ್ಚಳ ಉಳಿದಿದ್ದರೆ ಬೆಲೆ ಏರುತ್ತದೆ. ಆನ್‌ಲೈನ್‌ನಲ್ಲಿ ಹಾಕಿರುವ ರೇಟು ನಂಬಬೇಡಿ, ಅದು ಮಾರುವವರ ಆಸೆ. ಅಂಥದ್ದೇ ಜಾಡಿ ನಿಜಕ್ಕೂ ಎಷ್ಟಕ್ಕೆ ಹೋಯಿತು ಅಂತ ವಿಚಾರಿಸಿ. ಮುದ್ರೆಯಿಲ್ಲದ ಸಾದಾ ಜಾಡಿಗೆ ದೊಡ್ಡ ದುಡ್ಡು ಬರುವುದಿಲ್ಲ, ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅನ್ನುತ್ತೇನೆ. ಆದರೆ ಮೆರುಗು ಹಕ್ಕಳೆಯೇಳುತ್ತಿದ್ದರೆ ಅದರಲ್ಲಿ ಉಪ್ಪಿನಕಾಯಿ ಹಾಕಬೇಡಿ.

ಆ್ಯಸಿಡ್, ಸ್ಟೀಲ್ ನಾರು ಮುಟ್ಟಿಸದೆ ಬರೀ ನೀರಲ್ಲಿ ತೊಳೆಯಿರಿ. ನೂರು ವರ್ಷ ದಾಟಿದ್ದಾದರೆ 1972ರ ಪುರಾವಸ್ತು ಕಾಯ್ದೆಗೆ ಒಳಪಡಬಹುದು, ಪರದೇಶಕ್ಕೆ ಕಳಿಸುವಂತಿಲ್ಲ. ಅಲ್ಲಿಂದ ಯಾರಾದರೂ ಕೇಳಿದರೆ ಒಪ್ಪಬೇಡಿ. ನಾಲ್ಕರ ತಳ, ಬಾಯಂಚು, ಮುಚ್ಚಳದ ಫೋಟೊಗಳನ್ನು ಹಗಲು ಬೆಳಕಲ್ಲಿ ತೆಗೆದು ಇಲ್ಲೇ ಹಾಕಿ, ಒಂದೊಂದನ್ನೂ ನೋಡಿ ಹೇಳುತ್ತೇನೆ.