26 ಅಡಿ ಹಾಯಿದೋಣಿಗೆ ಟ್ರೈಕಲರ್ ಒಂದೇ ಸಾಕೇ? ವೈರಿಂಗ್ ಹೇಗೆ?

ನೀವು ಕೇಳಿದ್ದು ಇಷ್ಟು: 26 ಅಡಿಯ ಹಳೆಯ ಹಾಯಿದೋಣಿ, ಡೀಸೆಲ್ ಎಂಜಿನ್ ಇದೆ. ಮಾಸ್ಟ್ (ಹಾಯಿಕಂಬ) ತುದಿಯಲ್ಲಿ ಕೆಂಪು, ಹಸಿರು, ಬಿಳಿ ಮೂರೂ ಸೇರಿದ ಟ್ರೈಕಲರ್, ಅದರ ಮೇಲೆ ಲಂಗರು ಹಾಕಿದಾಗ ಉರಿಸುವ, ಸುತ್ತಲೂ ಕಾಣುವ ಬಿಳಿ ದೀಪ. ಇಷ್ಟು ಸಾಕೇ? ಮೀಟರ್ 12 ವೋಲ್ಟ್ ತೋರಿಸಿದರೂ ಟ್ರೈಕಲರ್ ಯಾಕೆ ಹತ್ತುವುದಿಲ್ಲ?

ಬರೀ ಹಾಯಿಯಲ್ಲಿ ಹೋಗುವಾಗ ಸಾಕು. ಎಂಜಿನ್ ಗೇರಿಗೆ ಬಿತ್ತೋ, ಹಾಯಿ ಮೇಲಿದ್ದರೂ ಭಾರತವೂ ಒಪ್ಪಿರುವ 1972ರ ಕೊಲ್‌ರೆಗ್ಸ್ (ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳು) ಪ್ರಕಾರ ನೀವು ಮೋಟಾರ್ ದೋಣಿ. ಆಗ ಬದಿಯ ಕೆಂಪು-ಹಸಿರಿಗಿಂತ ಕನಿಷ್ಠ 1 ಮೀಟರ್ ಮೇಲೆ ಬಿಳಿ ದೀಪ ಕಾಣಬೇಕು. ಟ್ರೈಕಲರ್ ತುದಿಯಲ್ಲೇ ಇರುವುದರಿಂದ ಅದರ ಮೇಲೆ 1 ಮೀಟರ್ ಎಲ್ಲಿಂದ ತರುತ್ತೀರಿ? ಹಾಗಾಗಿ ಮುಂತುದಿಯಲ್ಲಿ ಕೆಂಪು-ಹಸಿರಿನ ಜೋಡಿ ದೀಪ ಬೇಕೇ ಬೇಕು: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ತಲಾ 112.5 ಡಿಗ್ರಿ, 1 ನಾಟಿಕಲ್ ಮೈಲಿ ಕಾಣುವಂಥದ್ದು. ಹಿಂದೆ 135 ಡಿಗ್ರಿಯ ಬಿಳಿ ದೀಪವನ್ನೂ ಹಾಕಿಸಿ, ಅದು 2 ಮೈಲಿಗೆ ಕಾಣಬೇಕು. ಟ್ರೈಕಲರ್ ಕೈಕೊಟ್ಟ ದಿನ ಅದೇ ಆಸರೆ. ಕಿಕ್ಕಿರಿದ ಬಂದರಿನಲ್ಲಂತೂ ನಾನು ಕೆಳಗಿನ ದೀಪಗಳನ್ನೇ ಉರಿಸಿ ಎನ್ನುತ್ತೇನೆ. ಹತ್ತಿರದ ಸಣ್ಣ ದೋಣಿಯವರು ತಲೆ ಎತ್ತಿ ನಿಮ್ಮ ಮಾಸ್ಟ್ ತುದಿ ನೋಡುವುದಿಲ್ಲ.

ಮಾಸ್ಟ್ ಕೊರೆದು ಸ್ಟೀಮಿಂಗ್ ಲೈಟ್ (ಎಂಜಿನ್ ಓಡುವಾಗ ಮುಂದಕ್ಕೆ ತೋರಿಸುವ ಬಿಳಿ ದೀಪ) ಕೂರಿಸುವ ಗೋಜು ನಿಮಗೆ ಬೇಡ. 12 ಮೀಟರಿಗಿಂತ ಚಿಕ್ಕ ದೋಣಿಗೆ ವಿನಾಯಿತಿ ಇದೆ: ಎಂಜಿನ್ ಮೇಲೆ ಹೋಗುವಾಗ ಸುತ್ತಲೂ ಕಾಣುವ ಒಂದು ಬಿಳಿ ದೀಪ ಮತ್ತು ಬದಿಯ ದೀಪಗಳು ಸಾಕು. ನಿಮ್ಮ ಲಂಗರಿನ ದೀಪವೇ ಆ ಬಿಳಿ. ಹಿಂದಿನ ದೀಪ ಆಗ ಆರಿರಬೇಕು, ಇಲ್ಲದಿದ್ದರೆ ಹಿಂದಿನವರಿಗೆ ಎರಡು ಬಿಳಿ ಕಾಣುತ್ತವೆ.

ತಪ್ಪುವುದು ಸ್ವಿಚ್ಚಿನಲ್ಲಿ. ದೀಪಕ್ಕೊಂದು ಸ್ವಿಚ್ ಇಟ್ಟರೆ, ಕತ್ತಲಲ್ಲಿ ಯಾರೋ ಟ್ರೈಕಲರ್ ಜೊತೆಗೆ ಕೆಳಗಿನದನ್ನೂ ಹಾಕಿಬಿಡುತ್ತಾರೆ. 2 ಪೋಲ್, 4 ಸ್ಥಾನದ ರೋಟರಿ ಸ್ವಿಚ್ (ಒಂದೇ ಗುಂಡಿ ತಿರುಗಿಸಿದರೆ ಎರಡು ಬೇರೆ ಸಾಲು ಒಟ್ಟಿಗೆ ಬದಲಾಗುವಂಥದ್ದು) ತನ್ನಿ, 12 ವೋಲ್ಟ್ ಡಿಸಿಯಲ್ಲಿ 5 ಆಂಪ್ ತಾಳುವಂಥದ್ದು. ಫ್ಯೂಸಿನಿಂದ ಬಂದ ಪಾಸಿಟಿವ್ ಎರಡೂ ಪೋಲಿನ ನಡುಕಾಲಿಗೆ (ಕಾಮನ್ ಟರ್ಮಿನಲ್). ಮೊದಲ ಪೋಲಿನ 1 ಟ್ರೈಕಲರಿಗೆ; 2 ಮತ್ತು 3 ಸೇರಿಸಿ ಮುಂದಿನ ಕೆಂಪು-ಹಸಿರಿಗೆ; 4 ಖಾಲಿ. ಎರಡನೇ ಪೋಲಿನ 1 ಖಾಲಿ. 2 ಹಿಂದಿನ ದೀಪಕ್ಕೆ. 3 ಮತ್ತು 4 ಸೇರಿಸಿ ಲಂಗರಿನ ದೀಪಕ್ಕೆ. ಈಗ ಗುಂಡಿ ತಿರುಗಿಸಿದಂತೆ ಹಾಯಿ (ಮಾಸ್ಟ್ ತುದಿಯ ದೀಪ), ಹಾಯಿ (ಕೆಳಗಿನ ದೀಪಗಳು), ಎಂಜಿನ್, ಲಂಗರು. ತಪ್ಪು ಜೋಡಿ ಹತ್ತುವುದೇ ಇಲ್ಲ. ಎಲ್ಲ ದೀಪ ಆರಿಸಲು ರೋಟರಿಗೆ ಮುಂಚೆ ಒಂದು ಸಾದಾ ಸ್ವಿಚ್. ಫ್ಯೂಸ್ 5 ಆಂಪ್, ಬ್ಯಾಟರಿಯ ಹತ್ತಿರ. ಅದು ಕಾಯುವುದು ವೈರನ್ನು, ದೀಪವನ್ನಲ್ಲ. ಮಾಸ್ಟ್ ಮೇಲಕ್ಕೆ ಮೂರು ವೈರು: ಎರಡು ಪಾಸಿಟಿವ್, ಒಂದು ನೆಗೆಟಿವ್. ಕೆಲವು ಎಲ್‌ಇಡಿ ದೀಪಗಳು ಎರಡೇ ವೈರಿನಲ್ಲಿ ಪ್ಲಸ್-ಮೈನಸ್ ಅದಲು ಬದಲು ಮಾಡಿ ಕೆಲಸ ಮಾಡುತ್ತವೆ, ಅವು ಈ ಜೋಡಣೆಗೆ ಒಗ್ಗುವುದಿಲ್ಲ.

ವೈರಿನ ದಪ್ಪ. ಪ್ಯಾನೆಲ್‌ನಿಂದ ತುದಿಗೆ 15 ಮೀಟರ್ ಅಂದರೆ ಹೋಗಿಬರುವ ದಾರಿ 30 ಮೀಟರ್. 1.5 ಚದರ ಮಿ.ಮೀ. ತಾಮ್ರಕ್ಕೆ ಸುಮಾರು 0.35 ಓಮ್. 25 ವಾಟ್ ಬಲ್ಬ್ 2.1 ಆಂಪ್ ಎಳೆದರೆ 0.73 ವೋಲ್ಟ್ ದಾರಿಯಲ್ಲೇ ಹೋಯಿತು, ಶೇಕಡ 6. ಫಿಲಮೆಂಟ್ ಬಲ್ಬಿನ ಬೆಳಕು ಅಷ್ಟಕ್ಕೇ ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ. ಶೇಕಡ 3ರೊಳಗೆ ಇರಬೇಕೆಂದರೆ 4 ಚದರ ಮಿ.ಮೀ. ವೈರು ಬೇಕು. ಅದೇ 3 ವಾಟ್ ಎಲ್‌ಇಡಿಗೆ 1.5 ಧಾರಾಳ. ಆದರೆ ಇಡೀ ದೀಪವನ್ನೇ ಎಲ್‌ಇಡಿಗೆ ಬದಲಿಸಿ. ಹಳೆಯ ಗಾಜಿನೊಳಗೆ ಬಿಳಿ ಎಲ್‌ಇಡಿ ಬಲ್ಬ್ ತುರುಕಿದರೆ ಬಣ್ಣವೂ ಕೆಡುತ್ತದೆ, ಕೆಂಪು-ಹಸಿರಿನ ಗಡಿಯೂ ಮಸುಕಾಗುತ್ತದೆ.

ಇನ್ನು ಹತ್ತದ ದೀಪ. ನನಗೆ ಮೊದಲ ಗುಮಾನಿ ಮಾಸ್ಟ್ ಬುಡದ ಜೋಡಣೆಯ ಮೇಲೆ. ಬಿಚ್ಚಿ ನೋಡಿದರೆ ಹಸಿರು ಕಿಲುಬು ಕಟ್ಟಿರುತ್ತದೆ. ಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ, ಅದಕ್ಕೇ ಕಿಲುಬಿನ ಆಚೆಗೂ 12 ವೋಲ್ಟ್ ತೋರಿಸುತ್ತದೆ. ಕಿಲುಬಿನಲ್ಲಿ 10 ಓಮ್ ಅಡ್ಡಿ ಇದ್ದರೂ 25 ವಾಟ್ ಬಲ್ಬಿಗೆ ಅರ್ಧ ವೋಲ್ಟೇಜೂ ಸಿಗದು. ಆದ್ದರಿಂದ ಬಲ್ಬ್ ಹಾಕಿ, ಸ್ವಿಚ್ ಒತ್ತಿಟ್ಟೇ ಅಳೆಯಿರಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವಿನಲ್ಲಿರಲಿ, ಕೆಂಪನ್ನು ಒಂದೊಂದೇ ಜೋಡಣೆಯ ಎರಡೂ ಬದಿ ಇಡುತ್ತ ಹೋಗಿ. ಎಲ್ಲಿ ವೋಲ್ಟ್ ಧಡಕ್ಕನೆ ಬಿತ್ತೋ ಅಲ್ಲೇ ರೋಗ. ನೆಗೆಟಿವ್ ಸಾಲನ್ನೂ ಬಿಡಬೇಡಿ. ಅಲ್ಲಿ ಯಾವುದೇ ಜೋಡಣೆಯ ಒಂದು ಬದಿಗೂ ಇನ್ನೊಂದಕ್ಕೂ ವೋಲ್ಟ್ ಧಡಕ್ಕನೆ ಬದಲಾದರೆ ಅನುಮಾನ ಪಡಿ.

ತಾಮ್ರ ಹೊಳೆಯುವವರೆಗೆ ವೈರು ಕತ್ತರಿಸಿ. ಒಂದು ಗೇಣು ಕತ್ತರಿಸಿದರೂ ಕಪ್ಪಗೇ ಇದ್ದರೆ ಪೂರ್ತಿ ಬದಲಿಸಿ, ತವರ ಲೇಪಿಸಿದ ಎಳೆಎಳೆಯ ವೈರೇ ಹಾಕಿ. ಟರ್ಮಿನಲ್ ಒತ್ತಿ, ಒಳಗೆ ಅಂಟು ಬಳಿದಿರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಏರಿಸಿ. ಬರೀ ಬೆಸುಗೆ ಬೇಡ: ಸೀಸ ಎಳೆಗಳೊಳಗೆ ಹರಿದು ಬಿರುಸಾಗಿ, ಅಲುಗಾಟಕ್ಕೆ ಅಂಚಿನಲ್ಲೇ ಮುರಿಯುತ್ತದೆ. ಜೋಡಣೆಯನ್ನು ಡೆಕ್ಕಿನ ಕೆಳಗೆ, ಒಣ ಜಾಗಕ್ಕೆ ತನ್ನಿ. ವೈರು ಡೆಕ್ಕಿಗೆ ಇಳಿಯುವ ಮುನ್ನ ಒಂದು ತಗ್ಗು ಬಳಸು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಾಸ್ಟ್ ತುದಿಯಲ್ಲಿ ಕೇಬಲ್ಲಿಗೆ ಕ್ಲಾಂಪ್ ಹಾಕಿ, ಅದರ ಭಾರ ದೀಪದ ಸ್ಕ್ರೂಗಳ ಮೇಲೆ ಬೀಳಬಾರದು.

ಎಲ್‌ಇಡಿ ಹಾಕಿದ ಮೇಲೆ ವಿಎಚ್‌ಎಫ್ ರೇಡಿಯೊ ಪರೀಕ್ಷಿಸಿ, ಆಂಟೆನಾ ಅದರ ಪಕ್ಕದಲ್ಲೇ ಇರುತ್ತದಲ್ಲ. ಖಾಲಿ ಚಾನೆಲ್ಲಿನಲ್ಲಿ ಸದ್ದು ಆಗಷ್ಟೇ ನಿಲ್ಲುವವರೆಗೆ ಸ್ಕ್ವೆಲ್ಚ್ (ಖಾಲಿ ಚಾನೆಲ್ಲಿನ ಸದ್ದು ಅಡಗಿಸುವ ಗುಂಡಿ) ತಿರುಗಿಸಿ ದೀಪ ಹಾಕಿ. ಮತ್ತೆ ಸರ್ರೆಂದು ಸದ್ದು ಬಂದರೆ ಆ ದೀಪ ಅಂಗಡಿಗೆ ವಾಪಸ್.