ರಾತ್ರಿ ಟಿವಿ ಮುಚ್ಚುವ ಮುನ್ನ ಪಾದ್ರಿಗಳಿಗೇಕೆ ಐದು ನಿಮಿಷ?

ಬ್ರಿಟನ್ನಿನ ಹಳೆಯ ಟಿವಿ ಕ್ಲಿಪ್‌ಗಳಲ್ಲಿ ಪ್ರಸಾರ ಮುಗಿಯುವ ಹೊತ್ತಿಗೆ ಪಾದ್ರಿಯೊಬ್ಬರು ಕುರ್ಚಿಯಲ್ಲಿ ಕೂತು ಮಾತಾಡುತ್ತಾರಲ್ಲ, ಅದು ಯಾಕಿತ್ತು, ಯಾರಾದರೂ ನೋಡುತ್ತಿದ್ದರಾ, ಯಾಕೆ ನಿಂತಿತು ಎಂದು ಕೇಳಿದ್ದೀರಿ. ಇಂಥ ಕ್ಲಿಪ್‌ಗಳ ಹುಚ್ಚು ನನಗೂ ಇದೆ, ಆದ್ದರಿಂದ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಆಗ ಬ್ರಿಟನ್ನಿನ ಖಾಸಗಿ ಟಿವಿ ವಾಹಿನಿಯಾದ ಐಟಿವಿ ಅಂದರೆ ಒಂದೇ ಕಂಪನಿ ಅಲ್ಲ. ಸ್ಕಾಟ್ಲೆಂಡಿನ ನಡುಭಾಗಕ್ಕೆ ಎಸ್‌ಟಿವಿ, ಅದರ ಉತ್ತರಕ್ಕೆ ಗ್ರಾಂಪಿಯನ್, ಇಂಗ್ಲೆಂಡಿನ ಪೂರ್ವಕ್ಕೆ ಆಂಗ್ಲಿಯಾ, ಹೀಗೆ ಸೀಮೆಗೊಂದು. ಸಂಜೆಯ ದೊಡ್ಡ ಕಾರ್ಯಕ್ರಮಗಳು ಬಹುಪಾಲು ಎಲ್ಲ ಕಡೆ ಅವೇ. ದಿನದ ಕೊನೆಯ ಕೆಲವು ನಿಮಿಷ ಮಾತ್ರ ಆಯಾ ಕಂಪನಿಯ ಸ್ವಂತದ್ದು. ನಾವು ಈ ಸೀಮೆಯವರೇ ಎಂದು ತೋರಿಸಬೇಕು, ಧಾರ್ಮಿಕ ಕಾರ್ಯಕ್ರಮವನ್ನೂ ಕೊಡಬೇಕು. ಸ್ಥಳೀಯ ಪಾದ್ರಿಯನ್ನು ಕರೆಸಿ ಕ್ಯಾಮೆರಾ ಮುಂದೆ ಕೂರಿಸಿದರೆ ಎರಡೂ ಆಯಿತು, ಖರ್ಚೂ ಕಮ್ಮಿ. ಮೇಲಾಗಿ 1972ರವರೆಗೆ ಸರ್ಕಾರ ಟಿವಿ ಪ್ರಸಾರದ ಗಂಟೆಗಳಿಗೆ ಮಿತಿ ಹಾಕಿತ್ತು, ಧಾರ್ಮಿಕ ಕಾರ್ಯಕ್ರಮಗಳು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ನನ್ನ ಪ್ರಕಾರ ಇದರಲ್ಲಿ ಭಕ್ತಿಯಷ್ಟೇ ಲೆಕ್ಕಾಚಾರವೂ ಇತ್ತು.

ಇವುಗಳಲ್ಲಿ ಹೆಸರಾದದ್ದು ಎಸ್‌ಟಿವಿಯ 'ಲೇಟ್ ಕಾಲ್'. 1960ರಲ್ಲಿ ಶುರುವಾಗಿ 1989ರವರೆಗೆ ನಡೆಯಿತು. ನಮ್ಮ ಆಕಾಶವಾಣಿಯ ಬೆಳಗಿನ 'ಚಿಂತನ'ವನ್ನು ರಾತ್ರಿಗೆ ತಳ್ಳಿ, ಮಾತಾಡುವವರ ಮುಖವನ್ನೂ ತೋರಿಸಿದರೆ ಹೇಗೋ ಹೆಚ್ಚುಕಡಿಮೆ ಹಾಗೆ. ಬೈಬಲ್ ಪಾಠಕ್ಕಿಂತ ದಿನನಿತ್ಯದ ಯಾವುದೋ ಸಣ್ಣ ಸಂಗತಿ ಹಿಡಿದು ಅಲ್ಲಿಂದ ದೇವರ ಕಡೆಗೆ ಹೊರಳುವ ಧಾಟಿ. ಕೆಲವರು ಚೆನ್ನಾಗಿ ಮಾತಾಡುತ್ತಿದ್ದರು. ಉಳಿದವರ ವಿಷಯ ಬೇಡ ಬಿಡಿ.

ನೋಡುತ್ತಿದ್ದರಾ ಅಂದರೆ, ಖಂಡಿತ. ಇಲ್ಲದಿದ್ದರೆ ನಟ ರಿಕಿ ಫುಲ್ಟನ್ ಅದನ್ನು ಅಣಕಿಸಿ ಗೆಲ್ಲಲು ಆಗುತ್ತಿರಲಿಲ್ಲ. ಬಿಬಿಸಿ ಸ್ಕಾಟ್ಲೆಂಡಿನಲ್ಲಿ ಅವರು ಮಾಡಿದ ರೆವರೆಂಡ್ ಐ.ಎಂ. ಜಾಲಿ ಎಂಬ ಪಾತ್ರದ ಹೆಸರಿನಲ್ಲಷ್ಟೇ ಉಲ್ಲಾಸ, ಮುಖ ಮಾತ್ರ ಸೂತಕದ್ದು. ಜನರಿಗೆ ಮೂಲದ ಪರಿಚಯ ಇಲ್ಲದೆ ಅಣಕಕ್ಕೆ ನಗು ಬರುವುದಿಲ್ಲ. ಈಗ ಅಸಲಿಗಿಂತ ಜಾಲಿಯೇ ಹೆಚ್ಚು ಜನರ ನೆನಪಿನಲ್ಲಿದ್ದಾನೆ.

ನಿಂತಿದ್ದಕ್ಕೆ ಜನರ ದೈವಭಕ್ತಿ ಇಳಿದದ್ದೇ ಕಾರಣ ಎನ್ನುವವರಿದ್ದಾರೆ. ಅದೂ ಇರಬಹುದು, ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಪಾದ್ರಿಯ ಮಾತಾದ ಮೇಲೆ ಉದ್ಘೋಷಕರ ಶುಭರಾತ್ರಿ, ಹಲವು ಕಡೆ ರಾಷ್ಟ್ರಗೀತೆ, ಆಮೇಲೆ ಖಾಲಿ ಪರದೆ: ಇದು ರೂಢಿ. 1980ರ ದಶಕದ ಕೊನೆಗೆ ಐಟಿವಿ 24 ಗಂಟೆಯ ಪ್ರಸಾರಕ್ಕೆ ಹೋಯಿತು. ಅಂಗಡಿ ಮುಚ್ಚುವುದೇ ಇಲ್ಲ ಅಂದಮೇಲೆ ಮುಚ್ಚುವ ಹೊತ್ತಿನ ಪ್ರಾರ್ಥನೆಗೆ ಜಾಗವೆಲ್ಲಿ?

ಜರ್ಮನಿಯನ್ನು ನೋಡಿ. ಅಲ್ಲಿನ ಎಆರ್‌ಡಿ ವಾಹಿನಿಯಲ್ಲಿ ಇಂಥದೇ ಪುಟ್ಟ ಧಾರ್ಮಿಕ ಮಾತು 1954ರಿಂದ ನಡೆದು ಬಂದಿದೆ. ಅದಿರುವುದು ಪ್ರಸಾರದ ಕೊನೆಯಲ್ಲಲ್ಲ, ಶನಿವಾರ ರಾತ್ರಿಯ ಸುದ್ದಿ ಮುಗಿದ ಮೇಲೆ, ಮುಂದಿನ ಕಾರ್ಯಕ್ರಮ ಶುರುವಾಗುವ ಮುನ್ನ.